ಮುಚ್ಚಳ ಹಾಕಿದ ಮಸೂರದಲ್ಲಿ ಕಂಡ ಮೈಟೋಕಾಂಡ್ರಿಯಾ

ನಮ್ಮ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ಈರುಳ್ಳಿ ಪೊರೆಯಲ್ಲಿ ಕಾಣದ್ದನ್ನು ಕಂಡೆನೆಂದು ಬಿಡಿಸಲು ಒಪ್ಪದ ಕಾರಣಕ್ಕೆ ನನ್ನ ತಂಗಿ ಇಸ್ತಿಕೊಮಾಳನ್ನು ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ತಮ್ಮ ಇಲಾಖೆ ನಪಾಸು ಮಾಡಿದೆ. ನಕಲು ಹೊಡೆದು ನಪಾಸಾದವರನ್ನು ಕಂಡಿದ್ದೆ. ನಕಲು ಹೊಡೆಯದೆ ನಪಾಸಾದವಳನ್ನು ಕಂಡದ್ದು ಇದೇ ಮೊದಲು, ಅದೂ ನಮ್ಮ ಮನೆಯಲ್ಲೇ. ನಮ್ಮ ಮನವಿಗೆ ತಾವು ಕಳಿಸಿದ ಉತ್ತರ ಒಂದೇ ಸಾಲಿನದು: "ಮಾದರಿ ಚಿತ್ರಕ್ಕೆ ಹೊಂದುವುದಿಲ್ಲ." ಆದ್ದರಿಂದ ಆ ಮಾದರಿ ಚಿತ್ರ ಹುಟ್ಟಿದ ಕಥೆಯನ್ನು ನಾಲ್ಕು ಜನರ ಮುಂದೆ ಹೇಳಲೇಬೇಕಾಗಿದೆ. ಅದು ಹುಟ್ಟುವಾಗ ತಾವೂ ಅಲ್ಲಿದ್ದಿರಿ. ನಿಜ ಹೇಳಬೇಕೆಂದರೆ, ಹೆತ್ತವರು ತಾವೇ.

ಕಳೆದ ವರ್ಷ ನಮ್ಮ ಶಾಲೆಗೆ ಸೂಕ್ಷ್ಮದರ್ಶಕ ಬಂದ ದಿನ ತಮಗೆ ನೆನಪಿರಬಹುದು. ಅರಿಶಿನದ ಅನ್ನವನ್ನು ಗೋಪುರದಂತೆ ಕಟ್ಟಿ, ಸುತ್ತ ನಮ್ಮ ತಾಯಿ ಉಪ್ಪಿನಲ್ಲಿ ಹಾಕಿದ ಬಾತುಕೋಳಿ ಮೊಟ್ಟೆಗಳನ್ನು ಜೋಡಿಸಲಾಗಿತ್ತು. ನಮ್ಮ ಪದ್ಧತಿಯಂತೆ ಉದ್ಘಾಟನೆಗೆಂದು ತಾವು ಗೋಪುರದ ತುದಿ ಕತ್ತರಿಸಿದಿರಿ, ಚಪ್ಪಾಳೆಯಾಯಿತು. ಆಮೇಲೆ ಬಾಗಿ, ಈರುಳ್ಳಿ ಪೊರೆ ಇಟ್ಟಿದ್ದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿರಿ. ಕೆಳಗಿನ ಮಸೂರಕ್ಕೆ ಕಾರ್ಖಾನೆಯವರು ಹಾಕಿದ್ದ ಕಪ್ಪು ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ. ಅನ್ನ ಬಡಿಸಲು ಬಾಗಿಲ ಬಳಿ ನಿಂತಿದ್ದ ನನಗೇ ಅದು ಕಾಣುತ್ತಿತ್ತು. ತಾವು ಮಾತ್ರ ತಲೆಯೆತ್ತಿ, "ಆಹಾ, ಎಷ್ಟು ಸ್ಪಷ್ಟ! ಮೈಟೋಕಾಂಡ್ರಿಯಾ ಸಹಿತ ಕಾಣ್ತಿದೆಯಲ್ರೀ!" ಎಂದಿರಿ.

ಆಮೇಲೆ ದರ್ಜೆಯ ಪ್ರಕಾರ ಸಾಲು ನಿಂತಿತು. ಮುಖ್ಯೋಪಾಧ್ಯಾಯರು ನೋಡಿ, ಹಿರಿಯರಿಗೆ ಸಲ್ಲುವ 'ಪಾಕ್' ಸೇರಿಸಿ, "ಹೌದು ಪಾಕ್, ತುಂಬಾ ಸ್ಪಷ್ಟ" ಎಂದರು. ಶಾಲಾ ಸಮಿತಿಯ ಅಧ್ಯಕ್ಷರೂ ಈರುಳ್ಳಿ ವ್ಯಾಪಾರಿಗಳೂ ಆದ ಪಾಕ್ ಕರ್ಸಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: "ಓಡಾಡ್ತಾನೂ ಇದಾವೆ ಪಾಕ್!"

ಎರಡನೇ ಸಾಲಿನಲ್ಲಿದ್ದ ನನ್ನ ತಂಗಿ ಎದ್ದು ನಿಂತಳು. ಮಕ್ಕಳೆಲ್ಲ ಗೌರವದಿಂದ 'ಬು' ಎಂದು ಕರೆಯುವ ಜೀವಶಾಸ್ತ್ರದ ಶಿಕ್ಷಕಿ ಬು ವಿನಾರ್ತಿ ಅವಳ ತೋಳು ಹಿಡಿದೆಳೆದರು.

"ಇಸ್ತಿ, ಕೂತ್ಕೋ."

"ಬು, ಮುಚ್ಚಳ ತೆಗ್ದಿಲ್ಲ!"

"ನಂಗೂ ಕಣ್ಣಿದೆ. ಬಾಯ್ಮುಚ್ಕೊಂಡು ಕೂತ್ಕೋ."

ಹಿರಿಯರನ್ನು ಸಭೆಯಲ್ಲಿ ತಿದ್ದಬಾರದು. ನಮ್ಮ ಜಾವಾದವರ ಈ ಮರ್ಯಾದೆ ದೊಡ್ಡದು, ಮಾನ್ಯರೇ. ಆದರೆ ಅಂದಿನ ಮರ್ಯಾದೆ ಅಂದೇ ಅನ್ನದ ಜೊತೆ ಖಾಲಿಯಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅದು ಪಠ್ಯಕ್ರಮವಾಯಿತು. ಅಧಿಕಾರಿಗಳು ಕಂಡದ್ದು ಮಕ್ಕಳಿಗೆ ಕಾಣದಿದ್ದರೆ ಹೇಗೆ? ತಿಂಗಳೊಳಗೆ ಪ್ರಯೋಗಶಾಲೆಯ ಗೋಡೆಗೆ 'ಸೂಕ್ಷ್ಮದರ್ಶಕದಲ್ಲಿ ಕಂಡಂತೆ' ಎಂಬ ತಲೆಬರಹದ, ಈರುಳ್ಳಿ ಕೋಶದ ಮಾದರಿ ಚಿತ್ರ ಏರಿತು. ಅದರಲ್ಲಿ ಮೈಟೋಕಾಂಡ್ರಿಯಾ ಇದೆ, ಅದರ ಹೊಟ್ಟೆಯೊಳಗಿನ ಮಡಿಕೆಗಳೂ ಇವೆ. ಮಣ್ಣಿನೊಳಗೆ ಬೆಳೆದ ಗೆಡ್ಡೆಯ ಕೋಶದಲ್ಲಿ, ಬಿಸಿಲಿನ ಮುಖವನ್ನೇ ಕಾಣದ ಕಡೆ, ಎಲೆಯ ಹಸಿರು ಕಣವೂ ಒಂದಿದೆ. ನಮ್ಮ ಊರಿನಲ್ಲಿ ಎಲ್ಲರೂ ಈರುಳ್ಳಿ ಬೆಳೆಯುತ್ತಾರೆ. ಆ ಚಿತ್ರ ನೋಡಿ ಒಬ್ಬರೂ ನಗಲಿಲ್ಲ.

ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಬಸ್ ನಿಲ್ದಾಣದ ಬಳಿ ಹಂಚುವ, ಮಾರುವ, ಬಿಸಾಡುವ ಕಿರುಹೊತ್ತಿಗೆಗಳೇ ನನ್ನ ವಿಶ್ವವಿದ್ಯಾಲಯ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಮೈಟೋಕಾಂಡ್ರಿಯಾ ಕಂಡರೂ ಧೂಳಿನ ಕಣದಂತೆ ಕಂಡೀತು, ಅದರ ಒಳಮಡಿಕೆ ಕಾಣಬೇಕಾದರೆ ಬೆಳಕಿನ ಬದಲು ಇಲೆಕ್ಟ್ರಾನುಗಳಿಂದ ನೋಡುವ, ಕೋಣೆಯಷ್ಟು ದೊಡ್ಡ ಯಂತ್ರ ಬೇಕು ಎಂದು ಅವುಗಳಲ್ಲೊಂದು ಹೇಳುತ್ತದೆ. ಅಂಥ ಯಂತ್ರ ತಮ್ಮ ಕಣ್ಣಿನಲ್ಲೇ ಇದ್ದರೆ ದಯವಿಟ್ಟು ಅದನ್ನು ವಿಜ್ಞಾನಿಗಳಿಗೆ ದಾನ ಮಾಡಿ.

ಅದೇ ಹೊತ್ತಿಗೆಯಲ್ಲಿ ಜೀವಕೋಶದ ಸಂಸಾರವನ್ನು ಓದಿ ನಾನು ಬೆರಗಾದೆ. ಅಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಕೋಶಕೇಂದ್ರ ಆಜ್ಞೆ ಕಳಿಸುತ್ತದೆ, ರೈಬೋಸೋಮುಗಳು ಅದನ್ನೋದಿ ಪ್ರೋಟೀನು ಕಟ್ಟುತ್ತವೆ, ಮೈಟೋಕಾಂಡ್ರಿಯಾ ಒಲೆ ಉರಿಸಿ ಶಕ್ತಿ ಕೊಡುತ್ತದೆ, ಕೋಶಪೊರೆ ಬಾಗಿಲಲ್ಲಿ ನಿಂತು ಯಾರು ಒಳಗೆ ಯಾರು ಹೊರಗೆ ಎಂದು ನೋಡಿಕೊಳ್ಳುತ್ತದೆ. ಈರುಳ್ಳಿಯ ಕೋಶದಲ್ಲಂತೂ ರಸ ತುಂಬಿದ ರಸದಾನಿ ನಡುಮನೆಯನ್ನೆಲ್ಲ ಹಿಡಿದು ಕೂತಿರುತ್ತದೆ, ಪಾಪ ಕೋಶಕೇಂದ್ರ ಗೋಡೆಗೆ ಒತ್ತಿಕೊಂಡಿರುತ್ತದೆ. ಇದನ್ನು ಓದುವಾಗ ತಮ್ಮ ಕಚೇರಿ ನೆನಪಾದದ್ದು ನನ್ನ ತಪ್ಪಲ್ಲ. ಆದರೂ ಒಂದು ವ್ಯತ್ಯಾಸವಿದೆ. ಕೋಶಕೇಂದ್ರ ಸುಳ್ಳು ಆಜ್ಞೆ ಕಳಿಸಿದರೆ ಕೋಶ ಸಾಯುತ್ತದೆ, ಇಲಾಖೆಯಲ್ಲಿ ಬಡ್ತಿ ಸಿಗುತ್ತದೆ.

ಇನ್ನು ಪರೀಕ್ಷೆಯ ದಿನಕ್ಕೆ ಬರುತ್ತೇನೆ. ತಮ್ಮ ಸುತ್ತೋಲೆ ಹೇಳಿದ್ದು ಬಾಂಬೆಯ ಹೆಸರಿನ ದೊಡ್ಡ ಬಿಳಿ ಈರುಳ್ಳಿ. ಅದು ನಗರದಿಂದ ಬರಲಿಲ್ಲ, ಬು ವಿನಾರ್ತಿ ನಮ್ಮ ಹೊಲದ ಪುಟ್ಟ ಕೆಂಪು ಈರುಳ್ಳಿಯನ್ನೇ ಕೊಟ್ಟರು. ಇಸ್ತಿ ಹೊರಪೊರೆಯನ್ನು ಚಿಮಟದಿಂದ ಎಳೆದು, ನೀರಹನಿಯ ಮೇಲಿಟ್ಟು, ಗುಳ್ಳೆ ಸೇರದಂತೆ ತೆಳುಗಾಜನ್ನು ಓರೆಯಾಗಿ ಇಳಿಸಿದಳು. ಮುಚ್ಚಳವನ್ನೂ ತೆಗೆದಳು! ಕಂಡದ್ದು ನೇರಳೆ ಬಣ್ಣದ ಕೋಣೆಗಳು. ನಮ್ಮ ಹೆಂಗಸರ ಬೆರಳಿಗೆ ಅಂಟುವ ಬಣ್ಣವೇ ಅದು, ರಸದಾನಿಯ ಬಣ್ಣ. ಆಮೇಲೆ ಮನೆಯಲ್ಲಿ ಮೊಟ್ಟೆಗೆ ಬಳಸುವ ಉಪ್ಪುನೀರನ್ನು ಸೀಸೆಯಲ್ಲಿ ಒಯ್ದಿದ್ದವಳು ಒಂದು ಹನಿ ಬಿಟ್ಟಳು. ಉಪ್ಪು ನೀರನ್ನು ಹೊರಗೆಳೆಯಿತು, ನೇರಳೆ ಕುಗ್ಗಿ ಗೋಡೆಯಿಂದ ಬಿಡಿಸಿಕೊಂಡು ನಿಂತಿತು. ಗೋಡೆ ಬೇರೆ, ಪೊರೆ ಬೇರೆ ಎಂಬುದನ್ನು ಅವಳು ಕಣ್ಣಾರೆ ಕಂಡಳು. ಕಂಡದ್ದನ್ನೇ ಬಿಡಿಸಿದಳು, ಕೆಳಗೆ ಬರೆದಳು: "ಮೈಟೋಕಾಂಡ್ರಿಯಾ ಇದೆ. ಈ ಉಪಕರಣದಲ್ಲಿ ಅದರ ಒಳಗು ಕಾಣಲಿಲ್ಲ."

ತಮ್ಮ ಇಲಾಖೆ ಕಳಿಸಿದ್ದ ಪರೀಕ್ಷಕರು ಅದರ ಮೇಲೆ ಕೆಂಪು ಗೆರೆ ಎಳೆದರು.

ಮನೆಯಲ್ಲಿ ಏನಾಯಿತೆಂದೂ ಕೇಳಿ. ತಾಯಿ ಉಪ್ಪು ಹಿಡಿಯಲೆಂದು ಮೊಟ್ಟೆಗೆ ಉಪ್ಪುನೀರಲ್ಲಿ ಕಲಸಿದ ಇಟ್ಟಿಗೆಪುಡಿ ಮೆತ್ತುತ್ತಲೇ ಬೈದಳು: "ನಿನ್ ಗಂಟೇನ್ ಹೋಗ್ತಿತ್ತೇ? ನಾಕು ಕಡ್ಲೆಕಾಯಿ ತರ ಗೀಚಿ ಬಂದಿದ್ರೆ?"

"ಕಾಣ್ಲಿಲ್ಲಮ್ಮ ಅಲ್ಲಿ."

"ದೊಡ್ಡವರು ಕಂಡಿದೀನಿ ಅಂದ್ಮೇಲೆ ಇರತ್ತೆ."

"ಹಂಗಾದ್ರೆ ನಾಳೆ ಕೆಟ್ಟಿರೋ ಮೊಟ್ಟೆ ನೋಡಿ ಅವ್ರು ಚೆನ್ನಾಗಿದೆ ಅಂದ್ರೆ, ಮಾರ್ತೀಯಾ?"

ತಾಯಿ ಮೆತ್ತುವುದನ್ನು ನಿಲ್ಲಿಸಿದಳು.

ಮಾನ್ಯರೇ, ಇಸ್ತಿಗೆ ಬೇಕಾಗಿರುವುದು ಪದಕವಲ್ಲ. ಪ್ರಾಯೋಗಿಕದಲ್ಲಿ ಪಾಸಾದರೆ ಮಾತ್ರ ರಕ್ತಪರೀಕ್ಷೆ ಕಲಿಸುವ ಶಾಲೆಗೆ ಅವಳು ಅರ್ಜಿ ಹಾಕಬಹುದು, ಆ ಬಾಗಿಲು ಈ ತಿಂಗಳ ಕೊನೆಗೆ ಮುಚ್ಚುತ್ತದೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ಸೂಕ್ಷ್ಮದರ್ಶಕವಿದೆ, ನೋಡುವವರಿಲ್ಲ. ಜ್ವರದವರ ರಕ್ತ ನಗರಕ್ಕೆ ಹೋಗಿ ಉತ್ತರ ಬರುವಷ್ಟರಲ್ಲಿ ಜ್ವರ ಬಿಟ್ಟಿರುತ್ತದೆ, ಇಲ್ಲವೇ ಜ್ವರದವರು ನಮ್ಮನ್ನು ಬಿಟ್ಟಿರುತ್ತಾರೆ. ಆ ಕುರ್ಚಿಯ ಮೇಲೆ ಕೂರಬೇಕೆಂಬುದು ಅವಳ ಆಸೆ. ತಾವು ಅಲ್ಲಿ ಯಾರನ್ನು ಕೂರಿಸಲು ಬಯಸುತ್ತೀರಿ? ಇದ್ದದ್ದನ್ನು ಕಂಡು ಹೇಳುವವಳನ್ನೋ, ಹಿಂದಿನವರು ಹೇಳಿದ್ದನ್ನು ಕಂಡೆ ಎನ್ನುವವರನ್ನೋ? ಉತ್ತರಿಸುವ ಮುನ್ನ, ಗಾಜಿನ ಮೇಲಿರುವ ರಕ್ತ ತಮ್ಮದೇ ಎಂದುಕೊಳ್ಳಿ. ಒಳಗೆ ರೋಗಾಣುವಿದೆ. ನೋಡುವವರು ಪಾಕ್ ಕರ್ಸಾನ್.

ನನ್ನ ಬೇಡಿಕೆ ಸಣ್ಣದು. ತಿಂಗಳು ಮುಗಿಯುವ ಮೊದಲು ಒಮ್ಮೆ ನಮ್ಮ ಶಾಲೆಗೆ ಬನ್ನಿ. ಅನ್ನದ ಗೋಪುರ ಇರುವುದಿಲ್ಲ, ಚಪ್ಪಾಳೆಯೂ ಇಲ್ಲ. ಈರುಳ್ಳಿ ನಾವು ಕೊಡುತ್ತೇವೆ, ಮುಚ್ಚಳ ಇಸ್ತಿ ತೆಗೆಯುತ್ತಾಳೆ. ಒಂದು ಕಣ್ಣು ಮುಚ್ಚಿ ನೋಡುವುದು ಹೊಸಬರ ಅಭ್ಯಾಸ, ಎರಡೂ ಕಣ್ಣು ತೆರೆದಿರಬೇಕು ಎನ್ನುತ್ತದೆ ನನ್ನ ಕಿರುಹೊತ್ತಿಗೆ. ಕಷ್ಟವಾಗಬಹುದು, ಪ್ರಯತ್ನಿಸಿ. ಮಡಿಕೆಗಳ ಸಮೇತ ಮೈಟೋಕಾಂಡ್ರಿಯಾ ಕಂಡರೆ ನಮಗೂ ತೋರಿಸಿ, ನಾನು ಊರೆದುರು ಕ್ಷಮೆ ಕೇಳುತ್ತೇನೆ. ಕಾಣದಿದ್ದರೆ, "ಕಾಣಲಿಲ್ಲ" ಎಂದು ಹೇಳಿ. ಅಷ್ಟೇ ಸಾಕು. ನನ್ನ ತಂಗಿ ಬರೆದದ್ದೂ ಅದೇ ಮಾತು. ಅದಕ್ಕೆ ತಮಗೆಷ್ಟು ಅಂಕ ಸಲ್ಲಬೇಕೋ ಅವಳಿಗೂ ಅಷ್ಟೇ ಕೊಡಿ.

ಇಂತಿ,
ಅನ್ನ ಬಡಿಸಲು ಕರೆದರೆ ಮಸೂರ ನೋಡುತ್ತ ನಿಂತ,
ಇನ್ನು ಮುಂದೆ ಯಾವ ಸಮಾರಂಭಕ್ಕೂ ಕರೆ ಬಾರದ,
ಇಸ್ತಿಕೊಮಾಳ ಅಣ್ಣ
ತರ್ಮುಜಿ