ಮೀನಕ್ಕ ನೀರಿಗಿಳಿಯದ ದಿನಗಳು

ಮಾರ್ಚ್ 3, ಮಂಗಳವಾರ

ಬೆಳಗಿನ ಬ್ಯಾಚ್, ಹದಿನಾಲ್ಕು ಮಕ್ಕಳು. ದಡದಲ್ಲೇ ನಿಂತು ಸೀಟಿ ಊದಿದೆ. ಈಜು ಕಲಿಸುವುದೆಲ್ಲ ಈಗ ಬಾಯಲ್ಲೇ. ಜನವರಿಯಲ್ಲಿ ಒಬ್ಬ ಹುಡುಗಿಯನ್ನು ಕೊಳದ ತಳದಿಂದ ಎತ್ತಿದೆ. ಬದುಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದಿನಿಂದ ನೀರಿಗಿಳಿದಿಲ್ಲ. ಮಕ್ಕಳ ಬಾಯಲ್ಲಿ ಇನ್ನೂ ನಾನು ‘ಮೀನಕ್ಕ’! ಮ್ಯಾನೇಜರ್‌ಗೆ ಭುಜನೋವು ಎಂದಿದ್ದೇನೆ. ಯಾವ ಭುಜ ಎಂಬುದು ನನಗೇ ಮರೆತಿದೆ.

ಅಕ್ಕನದು ಫೋನಿನಲ್ಲಿ ಅದೇ ರಾಗ. “ಹಲ್ಲುನೋವು ಅಂದ್ರೆ ಓಡ್ತೀಯ. ಇದಕ್ಕೇನು ದಾಡಿ ನಿಂಗೆ?” ಕೌನ್ಸೆಲಿಂಗ್ ಅಪಾಯಿಂಟ್‌ಮೆಂಟ್ ಅವಳೇ ಮಾಡಿಸಿದ್ದಾಳೆ. ಒಂದು ಸಲ ಹೋಗಿ ಮುಗಿಸಿಬಿಡುತ್ತೇನೆ.

ಮಾರ್ಚ್ 5, ಗುರುವಾರ, ಸಂಜೆ 6

ಹೋಗಿಬಂದೆ. ಮಲಗುವ ಸೋಫಾ, ಗಡ್ಡದ ಡಾಕ್ಟರು — ಏನೂ ಇಲ್ಲ. ಎರಡು ಕುರ್ಚಿ, ಒಂದು ಕಿಟಕಿ, ಟಿಶ್ಯೂ ಡಬ್ಬಿ. ಕೌನ್ಸೆಲರ್ ನನಗಿಂತ ಚಿಕ್ಕವಳು. ಮೊದಲು ಫಾರ್ಮ್: ನಿದ್ದೆ, ಊಟ, ಮಾತ್ರೆ.

“ಇಲ್ಲಿ ಹೇಳಿದ್ದು ಹೊರಗೆ ಹೋಗುತ್ತಾ?” ನೇರ ಕೇಳಿದೆ.

“ಯಾರದಾದ್ರೂ ಜೀವಕ್ಕೆ ಅಪಾಯ ಅನ್ಸಿದ್ರೆ ಮಾತ್ರ. ಆಗಲೂ ಆದಷ್ಟು ಮೊದಲು ನಿಮಗೇ ಹೇಳ್ತೀನಿ. ಈ ಐವತ್ತು ನಿಮಿಷ ನಿಮ್ದು. ನಾನು ಸರಿಹೋಗ್ಲಿಲ್ಲ ಅಂದ್ರೂ ಹೇಳಿ, ಬೇರೆಯವರನ್ನ ನೋಡೋಣ.”

ಉಪದೇಶಕ್ಕೆ ಕಿವಿ ಗಟ್ಟಿ ಮಾಡಿಕೊಂಡು ಕೂತಿದ್ದೆ. ಬರಲೇ ಇಲ್ಲ. “ಇಲ್ಲಿ ಬಂದು ಏನಾಗ್ಬೇಕು ನಿಮಗೆ?” ಎಂದಳು. ನೀರಿಗಿಳಿಯಬೇಕು ಎಂದೆ. ಬರೆದುಕೊಂಡಳು. ಸುಲಭ!

ಮಾರ್ಚ್ 12, ಗುರುವಾರ

ನಲವತ್ತು ನಿಮಿಷ ಕೌನ್ಸೆಲರ್‌ಗೇ ಈಜಿನ ಪಾಠ ಮಾಡಿದೆ. ಪೂರ್ತಿ ಕೇಳಿಸಿಕೊಂಡು, “ಹುಡುಗಿ ಮುಳುಗಿದಾಗ ನೀವೆಲ್ಲಿದ್ರಿ?” ಎಂದಳು.

“ಟೈಮ್ ಆಯ್ತಲ್ವಾ?”

ಆಗಿರಲಿಲ್ಲ. ಉಳಿದ ಹತ್ತು ನಿಮಿಷ ಟಿಶ್ಯೂ ಡಬ್ಬಿಯ ಮೇಲಿನ ಅಕ್ಷರ ಓದಿದೆ. ಇನ್ನು ಹೋಗುವುದಿಲ್ಲ.

ಮಾರ್ಚ್ 26, ಗುರುವಾರ

ಹೋದ ವಾರ ಚಕ್ಕರ್. ಇವತ್ತು ಕೂತ ಕೂಡಲೇ ಹೇಳಿದೆ. ಹುಡುಗಿ ಮುಳುಗಿದಾಗ ನನ್ನ ಬೆನ್ನು ನೀರಿನ ಕಡೆಗಿತ್ತು. ಅಕ್ಕ ಕಳಿಸಿದ ಜೋಕು ಓದಿ ನಗುತ್ತಿದ್ದೆ.

ಡಬ್ಬಿಯ ಟಿಶ್ಯೂ ಅರ್ಧ ಖಾಲಿ.

“ನಿಮ್ಮ ತಪ್ಪಲ್ಲ ಅಂತ ಹೇಳಿ” ಎಂದೆ.

“ಹೇಳಿದ್ರೆ ನಂಬ್ತೀರಾ?”

ಇಲ್ಲ.

“ಯಾರಿಗೆ ಹೇಳ್ಬೇಕು ಅನ್ಸುತ್ತೆ?”

ಹುಡುಗಿಯ ಅಮ್ಮನಿಗೆ. ನನ್ನ ಬಾಯೇ ಹೇಳಿಬಿಟ್ಟಿತು.

ಮಾರ್ಚ್ 29, ಭಾನುವಾರ

ಹುಡುಗಿಯ ಅಮ್ಮನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಗಿರಾಕಿಗಳು ಹೋಗುವವರೆಗೆ ಕಾದು, ಕೌಂಟರಿನ ಈಚೆ ನಿಂತು ಹೇಳಿದೆ. ಮಾತ್ರೆಯ ಪಟ್ಟಿ ಜೋಡಿಸುತ್ತಿದ್ದ ಕೈ ನಿಂತಿತು.

“ಅವತ್ತು ನಿಮ್ಮ ಕೈ ಹಿಡ್ಕೊಂಡು ಅತ್ತಿದ್ದೆ ನಾನು... ಹೋಗಿ ಈಗ.”

ಬಂದೆ. ಸಂಜೆ ಮ್ಯಾನೇಜರ್‌ಗೂ ಹೇಳಿದೆ. ವಾರ್ನಿಂಗ್ ಲೆಟರ್. ಕೊಡಬೇಕಾದ್ದೇ. ಸಹಿ ಮಾಡಿ ಕೊಟ್ಟೆ. ಮನೆಗೆ ಬಂದು ಎರಡು ತಟ್ಟೆ ಊಟ ಮಾಡಿದೆ.

ಏಪ್ರಿಲ್ 4, ಶನಿವಾರ

ಗುರುವಾರ ಕೌನ್ಸೆಲರ್ ಜೊತೆ ಕೂತು ಮೆಟ್ಟಿಲು ಮೆಟ್ಟಿಲಾಗಿ ಪ್ಲಾನ್ ಮಾಡಿದೆವು. ಮೊದಲು ಪಾದ, ಆಮೇಲೆ ಮೊಣಕಾಲು. ಮೊಣಕಾಲಿನವರೆಗೆ ಆಗಿದೆ. ಎದೆ ಹೊಡೆದುಕೊಂಡಿತು, ಅಲ್ಲೇ ನಿಂತೆ, ಬಡಿತ ಇಳಿಯಿತು.

ಮಧ್ಯಾಹ್ನ ಹುಡುಗಿಯ ಅಮ್ಮನ ಫೋನ್. “ಸಿಟ್ಟು ಹೋಗಿಲ್ಲ ನಂಗೆ. ಆದ್ರೆ ಮಗಳು ಈಜಿಗೆ ಹೋಗೋಣ ಅಂತ ಒಂದೇ ಸಮ ಕೇಳ್ತಿದ್ದಾಳೆ. ಕರ್ಕೊಂಡು ಬರ್ತೀನಿ. ನೀವು ದಡದಲ್ಲಿ ನಿಲ್ಲೋ ಹಾಗಿಲ್ಲ. ಅವಳ ಜೊತೆ ನೀರಲ್ಲಿರ್ಬೇಕು.”

ಇರ್ತೀನಿ ಎಂದೆ.

ಏಪ್ರಿಲ್ 7, ಮಂಗಳವಾರ, ಬೆಳಿಗ್ಗೆ 6:10

ಬಂದಿದ್ದಾರೆ. ಅಮ್ಮ ಬೆಂಚಿನ ತುದಿಯಲ್ಲಿ, ಕೈಕಟ್ಟಿಕೊಂಡು. ಹುಡುಗಿ ಕ್ಯಾಪಿನೊಳಗೆ ಜಡೆ ತುರುಕುತ್ತಿದ್ದಾಳೆ. ಎದೆ ಹೊಡೆದುಕೊಳ್ಳುತ್ತಿದೆ — ಹೊಡೆದುಕೊಳ್ಳಲಿ. “ಮೀನಕ್ಕಾ, ನೀವು ಮೊದಲು!” ಅಂತೆ. ಬಂದೆ ಕಣೇ, ಈ ಪೆನ್ನೊಂದು ಕೆಳಗಿಟ್ಟು...