ಮೂರು ನಿಮಿಷ ಹನ್ನೊಂದು ಸೆಕೆಂಡು

೧೨ ಜೂನ್ ೨೦೨೪, ಬುಧವಾರ. ಬೆಳಿಗ್ಗೆ ೫.೪೦. ತೈನಾನ್, ತೈವಾನ್

ಇವತ್ತಿಗೂ ನಲವತ್ತು ಪದ. ಎಂಟು ಗಂಟೆಗೆ ಡಿಕ್ಟೇಶನ್. ನಿನ್ನೆ ಮೂವತ್ತೊಂದು ಸರಿ. ಕ್ಲಾಸಿನಲ್ಲಿ ನನ್ನನ್ನು ಬಿಟ್ಟರೆ ಎಲ್ಲರಿಗಿಂತ ದೊಡ್ಡವನಿಗೆ ಇಪ್ಪತ್ತಾರು ವರ್ಷ. ನನಗೆ ಐವತ್ತೇಳು. ಎಂಟು ವಾರದ ಕೋರ್ಸ್. ಕಟ್ಟಡದೊಳಗೆ ಚೀನೀ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ. ನೀರು ಬೇಕಾದರೂ ಚೀನಿಯಲ್ಲೇ ಕೇಳಬೇಕು. ಬಾಯಾರಿಕೆಯಷ್ಟು ಒಳ್ಳೆಯ ಮೇಷ್ಟ್ರು ಇನ್ನೊಬ್ಬರಿಲ್ಲ.

ಮೊದಲ ದಿನ ಚೆನ್ ಟೀಚರ್ ಎಲ್ಲರನ್ನೂ ಕೇಳಿದರು — ಯಾಕೆ ಕಲಿಯುತ್ತೀರಿ? ನನ್ನ ರೂಮಿನಲ್ಲಿರುವ ವಿಯೆಟ್ನಾಂ ಹುಡುಗಿ, ಹಾ ಅಂತ ಹೆಸರು, ಕೆಲಸಕ್ಕೆ ಅಂದಳು. ಅಮೆರಿಕದವನು ಸಿನಿಮಾ ಅಂದ. ನಾನು ಸಂಸ್ಕೃತಿ ಅಂದೆ. ಸುಳ್ಳು. ಹುಣಸೂರಿನ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಲೈಬ್ರರಿಯನ್ ಆಗಿದ್ದು, ಸ್ವಯಂ ನಿವೃತ್ತಿ ಪಡೆದು ಬಂದಿರುವುದು ಒಬ್ಬ ಮನುಷ್ಯನನ್ನು ನಾಲ್ಕು ಜನರ ಮುಂದೆ ತಲೆ ತಗ್ಗಿಸುವಂತೆ ನಿಲ್ಲಿಸುವುದಕ್ಕೆ.

ಹೆಸರು ಬರೆದಿಡುತ್ತೇನೆ. ನಂಜುಂಡೇಶ್.

೧೬ ಜೂನ್, ಭಾನುವಾರ

ರಜೆ. ಫೋನಿನಲ್ಲಿರುವ ವಿಡಿಯೊ ನಾಲ್ಕು ಸಲ ನೋಡಿದೆ.

ಜನವರಿ ೨೦೨೩. ಕೆ.ಆರ್. ನಗರ, ಸಾಲಿಗ್ರಾಮ ರಸ್ತೆ, ಅಣ್ಣ ಶಿವನಂಜಪ್ಪನ ರೈಸ್ ಮಿಲ್. ಅಪ್ಪ ಕಟ್ಟಿದ್ದು. ಭತ್ತ ಒಣಗಿಸಲು ಅಣ್ಣ ತೈವಾನಿನಿಂದ ತರಿಸಿದ ಡ್ರೈಯರ್. ಅದರ ಅಡಿಯಲ್ಲಿ ತಿರುಗುತ್ತಾ ಭತ್ತ ತಳ್ಳುವ ಸ್ಕ್ರೂಗೆ ಸಿಕ್ಕಿ ಕೆಲಸದಾಳು ಬಸವರಾಜುವಿನ ಬಲಗೈ ಹೋಗಿ ಹದಿನೆಂಟು ದಿನವಾಗಿತ್ತು. ಮಿಲ್ಲಿನ ಕಣದಲ್ಲೇ ಬೆಳೆದವನು. ಆ ಕೈಗೆ ಅ ಆ ತಿದ್ದಿಸಿದ್ದು ನಾನು.

ಕಂಪನಿಯಿಂದ ಇಬ್ಬರು ಇಂಜಿನಿಯರ್ ಬಂದಿದ್ದರು. ಅವರ ಮಾತನ್ನು ನಮಗೆ ಹೇಳಲು ಡೀಲರ್ ಕಡೆಯಿಂದ ನಂಜುಂಡೇಶ್ — ದೂರದ ನೆಂಟನೇ, ಚೀನಾದಲ್ಲಿ ಓದಿ ಬಂದವನು. ನಾನು ಫೋನ್ ಹಿಡಿದು ನಿಂತಿದ್ದೆ. ಮೂರು ನಿಮಿಷ ಹನ್ನೊಂದು ಸೆಕೆಂಡು. ಹಿರಿಯ ಇಂಜಿನಿಯರ್ ಬಗ್ಗಿದ, ಯಂತ್ರದ ಅಡಿ ತೋರಿಸಿದ, ಕೈ ಬೀಸಿ ಏನೇನೋ ಹೇಳಿದ. ಅಷ್ಟಕ್ಕೂ ನಂಜುಂಡೇಶ್ ಕೊಟ್ಟ ಕನ್ನಡ ಇಷ್ಟು:

"ಮಿಷನ್ ಸರಿಯಾಗೇ ಅದಂತೆ. ಕೈ ಆಕ್ದೋನ್ದೇ ತಪ್ಪಂತೆ ಕಣ್ರೀ."

"ಅಷ್ಟುದ್ದ ಹೇಳಿದ್ರಲ್ಲಪ್ಪ, ಇಷ್ಟೇನಾ?" ಅಂದೆ.

"ನಿಮ್ಗೆ ಚೀನೀ ಬತ್ತದಾ ಅಕ್ಕ? ಕಲ್ತ್ಕೊಂಡ್ ಬನ್ನಿ, ಆಮೇಲ್ ಮಾತಾಡಣ."

ಹಮಾಲರೂ ನಕ್ಕರು. ಬಸವರಾಜು ನಗಲಿಲ್ಲ. ಬ್ಯಾಂಡೇಜ್ ನೋಡಿಕೊಳ್ಳುತ್ತಾ, "ನಂದೇ ತಪ್ಪು ಬುಡಿ ಅಕ್ಕೋರೇ. ಜ್ಞಾನ ಎಲ್ಲೋ ಇತ್ತು ಅನ್ಸ್ತದೆ" ಅಂದ. ಅನ್ನಿಸುತ್ತದಂತೆ! ಊರಿನವರು ಅದಕ್ಕೆ ಕುಡಿತವನ್ನೂ ಸೇರಿಸಿದರು. ಈಗ ಅವನೇ ನಂಬಿಬಿಟ್ಟಿದ್ದಾನೆ. ಕೈ ಹೋದದ್ದಕ್ಕಿಂತ ನನಗೆ ಉರಿಯುವುದು ಇದು.

ಚೆನ್ ಟೀಚರ್‌ಗೆ ತೋರಿಸಿದರೆ ಹತ್ತು ನಿಮಿಷದ ಕೆಲಸ. ತೋರಿಸುವುದಿಲ್ಲ. ಇನ್ನೊಬ್ಬರ ಬಾಯಿಂದ ಕೇಳಿಯೇ ಕೆಟ್ಟಿದ್ದೇವೆ. ಫೋನಿನ ಆ್ಯಪ್‌ಗೆ ಹಾಕಿದ್ದೆ. ಮಿಲ್ಲಿನ ಗದ್ದಲದಲ್ಲಿ ಅದು 'ಬಿಳಿ ಅತ್ತೆ ಮಳೆಯಲ್ಲಿ' ಅಂತ ಕೊಟ್ಟಿತು. ಅವತ್ತಿನಿಂದ ಒಂದೂವರೆ ವರ್ಷ ಮನೆಯಲ್ಲೇ ಕಲಿತೆ. ಸಾಲದು. ಅದಕ್ಕೇ ಇಲ್ಲಿ.

೨೧ ಜೂನ್, ಶುಕ್ರವಾರ

ಮಧ್ಯಾಹ್ನ ಕುಂಚದ ಬರವಣಿಗೆ. ಇಷ್ಟವಾದ ಒಂದು ಅಕ್ಷರ ಆರಿಸಿಕೊಳ್ಳಿ ಅಂದರು. ಹಾ 'ಭಾಗ್ಯ' ಬರೆದಳು. ಅಮೆರಿಕದವನು 'ಶಾಂತಿ'. ನಾನು 'ಸೇಡು' ಹೇಗೆ ಬರೆಯುವುದು ಅಂತ ಕೇಳಿದೆ. ಕುಂಚದ ಮೇಷ್ಟ್ರು, ಎಪ್ಪತ್ತು ದಾಟಿದವರು, ನನ್ನ ಮುಖವನ್ನೇ ನೋಡಿದರು. ಬರೆದು ತೋರಿಸಿದರು. ನಾಲ್ಕೇ ಗೆರೆ.

"ಇದನ್ನು ಯಾರೂ ಗೋಡೆಗೆ ಹಾಕುವುದಿಲ್ಲ."

"ಗೋಡೆಗಲ್ಲ, ಅಭ್ಯಾಸಕ್ಕೆ."

ಮೂವತ್ತು ಸಲ ಬರೆಸಿದರು. ಗೆರೆ ಸೊಟ್ಟಗಿದೆ ಅಂತ ಮತ್ತೆ ಹತ್ತು.

ಸಂಜೆ ಅಣ್ಣನ ಫೋನ್. "ಏನವ್ವ ನೀಲಾ, ಊಟಕ್ಕೇನ್ ಮಾಡ್ಕೊಂಡಿದ್ದೀ?" ಇಲ್ಲಿನ ಸಸ್ಯಾಹಾರದ ಹೋಟೆಲಿನಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ ಅಂದೆ. "ಅಂಗಾರೆ ನಮ್ಗಿಂತ ಮಡಿ ಬುಡು!" ಅಂತ ನಕ್ಕ. ಟಿಕೆಟ್ ಅವನೇ ತೆಗೆಸಿದ್ದು. ಯಾಕೆ ಬಂದಿದ್ದೇನೆ ಅಂತ ಅವನಿಗೂ ಹೇಳಿಲ್ಲ. ಓದುವ ಹುಚ್ಚು ಅಂದುಕೊಂಡಿದ್ದಾನೆ. ಬಸವರಾಜುವಿನ ಮನೆಗೆ ತಿಂಗಳಿಗೊಂದು ಮೂಟೆ ಅಕ್ಕಿ ಕಳಿಸುವುದನ್ನು ಇವತ್ತಿಗೂ ತಪ್ಪಿಸಿಲ್ಲ. ಅಪ್ಪನ ಮಗ.

೨೮ ಜೂನ್, ಶುಕ್ರವಾರ

ಟೆಸ್ಟ್‌ನಲ್ಲಿ ಫೇಲ್. ೧೯೮೨ರಲ್ಲಿ ಪಿರಿಯಾಪಟ್ಟಣದ ಭಾಷಣ ಸ್ಪರ್ಧೆಯಲ್ಲಿ ನನ್ನ ಬಹುಮಾನ ತಪ್ಪಿಸಿದ ತೀರ್ಪುಗಾರನ ಮೂಗಿನ ಮೇಲಿನ ಮಚ್ಚೆ ಎಡಕ್ಕಿತ್ತು ಅನ್ನುವುದೂ ನೆನಪಿದೆ. 'ಮೊನ್ನೆ' ಅನ್ನುವ ಚೀನೀ ಪದ ನಿನ್ನೆಯಿಂದ ಇವತ್ತಿಗೆ ನಿಲ್ಲುವುದಿಲ್ಲ.

ನಿಲ್ಲಿಸುತ್ತೇನೆ.

೭ ಜುಲೈ, ಭಾನುವಾರ. ಬೆಳಿಗ್ಗೆ ೧೧

ಸ್ಪೀಡ್ ಕಡಿಮೆ ಮಾಡಿ, ಇಯರ್‌ಫೋನ್ ಹಾಕಿಕೊಂಡು, ಒಂದೊಂದೇ ಸೆಕೆಂಡು. ಮೊದಲರ್ಧ ಸಿಕ್ಕಿತು. ಪೂರ್ತಿ.

'ಮುಚ್ಚಳ ತೆಗೆದ ಕೂಡಲೇ ಈ ಯಂತ್ರ ತಾನಾಗಿಯೇ ನಿಲ್ಲಬೇಕು. ಇಲ್ಲಿ ನೋಡಿ. ಸ್ವಿಚ್ಚನ್ನು ತಪ್ಪಿಸಿ ತಂತಿ ಎಳೆದಿದ್ದಾರೆ. ಈ ತಂತಿ ನಮ್ಮದಲ್ಲ. ಕೆಲಸಗಾರನ ತಪ್ಪಿಲ್ಲ.'

ಕೆಲಸಗಾರನ ತಪ್ಪಿಲ್ಲ! ಹಾಸಿಗೆಯ ಮೇಲೆ ಎದ್ದು ನಿಂತೆ. ಹಾ ಹೆದರಿ ನೀರು ತಂದಳು.

ನಂಜುಂಡೇಶ, ಸಿಕ್ಕಿಬಿದ್ದೆ. ರೈಸ್ ಮಿಲ್ಲಿನವರ ಸಭೆಯಲ್ಲಿ ನೀನು ವೇದಿಕೆಯ ಮೇಲೆ ಕೂತಿರುವಾಗ ಮೈಕ್ ಹಿಡಿಯುತ್ತೇನೆ. ಮೊದಲು ಚೀನಿಯಲ್ಲಿ, ಆಮೇಲೆ ಕನ್ನಡದಲ್ಲಿ. ನೀನು ಬೆವರು ಒರೆಸಿಕೊಳ್ಳುವ ಕರ್ಚೀಫಿನ ಬಣ್ಣವನ್ನೂ ಊಹಿಸಿಕೊಂಡಿದ್ದೇನೆ. ಎಷ್ಟು ಸುಖ!

೯ ಜುಲೈ, ಮಂಗಳವಾರ

ಉಳಿದದ್ದೂ ಸಿಕ್ಕಿತು. ಮೂರು ಸಲ ಪರೀಕ್ಷಿಸಿದೆ. ಇರುವಂತೆ ಬರೆಯುತ್ತೇನೆ.

ಇಂಜಿನಿಯರ್: ಯಾರು ಎಳೆಸಿದ್ದು?

ನಂಜುಂಡೇಶ್: ಮಾಲೀಕರೇ. ಒದ್ದೆ ಭತ್ತ ಕಟ್ಟಿಕೊಂಡು, ಬಿಡಿಸಲು ಮುಚ್ಚಳ ತೆಗೆದಾಗಲೆಲ್ಲ ಯಂತ್ರ ನಿಂತರೆ ಹೊತ್ತು ಹಾಳು ಅಂತ.

ಇಂಜಿನಿಯರ್: ಅವರಿಗೆ ಈಗಲೇ ಹೇಳಿ.

ನಂಜುಂಡೇಶ್: ಅವರಿಗೆ ಗೊತ್ತು. ಎಲ್ಲರ ಮುಂದೆ ಬೇಡ. ಅವರ ಮುಖ ಉಳಿಸಿ. ತಂಗಿಯೂ ಇಲ್ಲೇ ನಿಂತಿದ್ದಾರೆ.

ಇಂಜಿನಿಯರ್: ಸರಿ. ಕಾಗದ ಬರೆಯುತ್ತೇನೆ.

ಮುಖ ಉಳಿಸುವುದು — ಹೋದ ವಾರ ಸಂಸ್ಕೃತಿಯ ಕ್ಲಾಸಿನಲ್ಲಿ ಇದೇ ಪಾಠ. ದೊಡ್ಡವರ ತಪ್ಪನ್ನು ಹತ್ತು ಜನರ ಮುಂದೆ ಎತ್ತಬಾರದು, ಏಕಾಂತದಲ್ಲಿ ಹೇಳಬೇಕು. ಎಷ್ಟು ನಾಜೂಕು ಅಂತ ಮೆಚ್ಚಿಕೊಂಡಿದ್ದೆ. 'ನಮ್ಮಲ್ಲೂ ಉಂಟು' ಅಂತ ನೋಟ್ಸಿನ ಪಕ್ಕದಲ್ಲಿ ಗೀಚಿದ್ದೆ.

ಅಣ್ಣನ ಮುಖ ಉಳಿಯಿತು. ಬಸವರಾಜುವಿಗೆ ಮುಖ ಇರಲಿಲ್ಲವೇ?

ಅಣ್ಣನ ಫೋನ್ ಬಂತು. ಎತ್ತಲಿಲ್ಲ.

೧೯ ಜುಲೈ, ಶುಕ್ರವಾರ

ಕ್ಲಾಸಿಗೆ ಚಕ್ಕರ್. ರೈಲಿನಲ್ಲಿ ಒಂದೂವರೆ ಗಂಟೆ, ಕಂಪನಿಯ ಆಫೀಸು. ಆ ಹಿರಿಯ ಇಂಜಿನಿಯರ್, ಲಿನ್, ನನ್ನನ್ನು ಗುರುತು ಹಿಡಿದ. ಮೊದಲು ಕೇಳಿದ್ದು: ಆ ಕೆಲಸಗಾರ ಹೇಗಿದ್ದಾನೆ? ತನ್ನದೇ ತಪ್ಪು ಅಂದುಕೊಂಡಿದ್ದಾನೆ ಅಂದೆ. ಲಿನ್ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಎದ್ದು ಹೋಗಿ ಎರಡು ಹಾಳೆ ಪ್ರಿಂಟ್ ತಂದ.

ಒಂದು, ಅವನು ಅಣ್ಣನಿಗೆ ಬರೆದದ್ದು, ೨೦ ಫೆಬ್ರುವರಿ ೨೦೨೩. ಸ್ವಿಚ್ಚು, ತಂತಿ, ಕೆಲಸಗಾರನ ತಪ್ಪಿಲ್ಲ ಅನ್ನುವುದು, ಎಲ್ಲವೂ. ಎರಡನೆಯದು ಉತ್ತರ. 'ಧನ್ಯವಾದ. ತಂತಿ ತೆಗೆಸಿದ್ದೇವೆ.' ಕೆಳಗೆ ಅಣ್ಣನ ಸಹಿ.

ಎರಡೂ ಇಂಗ್ಲಿಷಿನಲ್ಲಿ. ನಾನು ಇಷ್ಟು ದೂರ ಬಂದು ಕಲಿತು ಓದಬೇಕಾದದ್ದು ಅಣ್ಣನ ಬೀರುವಿನಲ್ಲೇ ಇತ್ತು.

೧೧ ಆಗಸ್ಟ್, ಭಾನುವಾರ. ಹುಣಸೂರು

ಬಂದು ಮೂರು ದಿನ. ನಂಜುಂಡೇಶ್‌ಗೆ ಫೋನ್ ಮಾಡಿ, ಅವತ್ತು ಅವನು ಚೀನಿಯಲ್ಲಿ ಹೇಳಿದ್ದನ್ನೆಲ್ಲ ಚೀನಿಯಲ್ಲೇ ಒಪ್ಪಿಸಿದೆ. ಅವನ ಉತ್ತರ ಕನ್ನಡದಲ್ಲಿ.

"ಅಕ್ಕ... ನಿಮ್ಮಣ್ಣೋರ್ ಮಾನ ಉಳ್ಸಿದ್ದು ಕಣಕ್ಕ ನಾನು. ನನ್ಗ್ಯಾಕ್ ಬಯ್ತೀರಿ?"

"ಇನ್ನೊಂದು ಡ್ರೈಯರ್ ಮಾರೋದಕ್ಕೆ ಉಳಿಸಿದ್ದು."

"ಅದೂ ಅದೆ ಬುಡಿ."

ನಗು ಬಂದುಬಿಟ್ಟಿತು. ನಕ್ಕದ್ದಕ್ಕೆ ನನ್ನ ಮೇಲೆಯೇ ಸಿಟ್ಟು. ಕ್ಷಮಿಸಿಲ್ಲ. ಸಾಲಿನಲ್ಲಿ ಎರಡನೆಯವನಾದ, ಅಷ್ಟೆ.

೧೩ ಆಗಸ್ಟ್, ಮಂಗಳವಾರ. ಬೆಳಿಗ್ಗೆ ೧೦.೨೦. ಕೆ.ಆರ್. ನಗರ

ಅಣ್ಣನ ಮುಂದೆ ಎರಡೂ ಹಾಳೆ ಇಟ್ಟೆ. ಮುಟ್ಟಲಿಲ್ಲ. ಓದಿದ್ದೇ ಅಲ್ಲವೇ.

"ಯಾವತ್ತಿಂದ ಗೊತ್ತವ್ವ ನಿಂಗೆ?"

"ಹೋದ ತಿಂಗಳಿಂದ. ನಿಂಗೆ?"

ಶಲ್ಯದಿಂದ ಮುಖ ಒರೆಸಿಕೊಂಡ. "ತಿಂಗ್ಳು ತಿಂಗ್ಳು ಅಕ್ಕಿ ಕಳುಸ್ತಾವ್ನಿ ಕಣವ್ವ. ಎದುರ್ಗೆ ಸಿಕ್ಕಿದ್ರೆ ಕಾಲ್ಗೆ ಬೀಳ್ತಾನೆ ಅವ್ನು."

"ಅದನ್ನೇ ಅಣ್ಣ ನನ್ನ ಕೈಲಿ ತಡ್ಕೊಳ್ಳೋಕಾಗದೇ ಇರೋದು."

"ಮನೆ ಮಾತು, ಮನೇಲೇ ಇರ್ಲಿ. ಏನ್ ಕೊಡ್ಬೇಕೋ ಕೊಡಾನ. ಅವ್ನೊಬ್ಬನ್ನೇ ಕರ್ದು, ಬಾಗ್ಲಾಕಿ, ನಿಧಾನಕ್ಕೆ ಯೋಳಾನ."

ಆಗುವುದಿಲ್ಲ ಅಂದೆ. ಅವನ ತಪ್ಪು ಅಂತ ಹೇಳಿದ್ದು ಕಣದಲ್ಲಿ, ಹಮಾಲರ ಮುಂದೆ. ಅಲ್ಲ ಅಂತ ಹೇಳುವುದೂ ಅಲ್ಲೇ ಆಗಬೇಕು. ವಕೀಲರನ್ನೂ ಕಂಡು ಬಂದಿದ್ದೇನೆ.

"ಒಡಹುಟ್ದೋಳು ಆಡೋ ಮಾತಾ ಇದು?" ಅಂದ. ಪೂಜೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿನ ಮಿಲ್ಲಿನಲ್ಲಿ ಹಮಾಲರು ಡ್ರೈಯರ್ ಹತ್ತಿರ ಸೇರಿದ್ದಾರೆ, ನಾನೇ ಹೇಳಿಕಳಿಸಿದ್ದು. ಸಂಕಟವಾಗುತ್ತಿದೆ ಅಂತ ಬರೆದರೆ ನಿಜ. ನಿಲ್ಲಿಸುತ್ತೇನೆ ಅಂತ ಬರೆದರೆ ಸುಳ್ಳು.

ಬಸವರಾಜು ಬಂದ. ಚಪ್ಪಲಿ ಆಚೆಯೇ ಬಿಟ್ಟು, ಬಾಗಿಲಲ್ಲಿ ನಿಂತಿದ್ದಾನೆ.

"ಯಾಕ್ ಕರ್ಸಿದ್ರಿ ಅಕ್ಕೋರೇ? ನಾನೇನಾರ ತಪ್ ಮಾಡ್ದ್ನಾ?"

ಪೂಜೆ ಕೋಣೆಯ ಚಿಲಕದ ಸದ್ದು. ಅಣ್ಣ ಹೊರಗೆ ಬರುತ್ತಿದ್ದಾನೆ. ಬರಲಿ. ಅವನೂ ನಿಂತು ಕೇಳ—