ಕನ್ನಡಕದ ಮಾತು

ಮಾರ್ಚ್ 3, ಸೋಮವಾರ

ಇವತ್ತೂ ಸ್ಕ್ಯಾನರ್ ಕೆಟ್ಟಿತು. ಮಧ್ಯಾಹ್ನದವರೆಗೆ ಕೈಯಲ್ಲೇ ಟೈಪ್. ಹಳೆಯ ದೂರುಗಳೆಲ್ಲ ಜೂನ್ ಒಳಗೆ ಕಂಪ್ಯೂಟರಿಗೆ ಹೋಗಬೇಕಂತೆ. ಮನೆಯಲ್ಲಿ ಹಿಂಸೆ ಉಂಡ ಹೆಂಗಸರು ಇಲಾಖೆಗೆ ಗುಟ್ಟಾಗಿ ಬರೆದುಕೊಟ್ಟ ಹೇಳಿಕೆಗಳು. "ಓದಬಾರದು, ಬರೀ ಟೈಪ್ ಮಾಡಿ" ಅನ್ನುತ್ತಾರೆ ಮೇಡಂ. ಓದದೆ ಟೈಪ್ ಮಾಡುವುದು ಹೇಗೆಂದು ಅವರೇ ಒಂದು ದಿನ ತೋರಿಸಿಕೊಡಲಿ.

ನಿಯಮದ ಪ್ರಕಾರ ನಮ್ಮಂಥ ಕಾಂಟ್ರಾಕ್ಟಿನವರಿಗೆ ತಾವು ಹಾಕಿದ್ದು ಬಿಟ್ಟು ಬೇರೆ ಫೈಲು ಕಾಣಕೂಡದು. ಹುಡುಕಬೇಕಾದರೆ ಮೇಡಂ ಬಂದು ತಮ್ಮ ಪಾಸ್‌ವರ್ಡ್ ಹಾಕಬೇಕು. ಮೇಡಂಗೆ ಕುರ್ಚಿ ಬಿಟ್ಟು ಏಳುವುದೆಂದರೆ ಆಗದು. ಮೊದಲ ವಾರವೇ ಕೂತಲ್ಲಿಂದ ಕೂಗಿ ಹೇಳಿದರು — ಮಗಳ ಹೆಸರು, ಮುಂದೆ ಹುಟ್ಟಿದ ವರ್ಷ. ಇಡೀ ಹಾಲಿಗೆ ಕೇಳಿಸಿತು. ಅಂದಿನಿಂದ ನಾವೆಲ್ಲರೂ ಮೇಡಂ. ಸಂಬಳ ಒಂದನ್ನು ಬಿಟ್ಟು.

ಪಕ್ಕದ ಸೀಟಿನವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದೇವೆ. ಊರ ಸುದ್ದಿಯೆಲ್ಲ ಅವಳಲ್ಲಿ. ಊಟದ ಹೊತ್ತಿನಲ್ಲಿ ಗುರುತಿನವರ ಹೆಸರು ಹಾಕಿ ಹುಡುಕುವುದೇ ಅವಳ ಕೆಲಸ. ಇವತ್ತು ಅವಳ ಬೀದಿಯ ಹಲ್ಲಿನ ಡಾಕ್ಟರು ಸಿಕ್ಕಿದ.

"ನೋಡೇ, ಹಲ್ಲು ಕೀಳೋನು ಹೆಂಡತಿ ಕೂದಲೂ ಕೀಳ್ತಾನೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರ್ಚ್ 9, ಭಾನುವಾರ

ನಾದಿನಿಗೆ ಒಂದು ಸಂಬಂಧ ಬಂದಿದೆ. ಇವರಿಗೆ ಒಬ್ಬಳೇ ತಂಗಿ. ಮೂವತ್ತೈದು ದಾಟಿತು. ಗಂಡು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮ್ಯಾನೇಜರ್. ಎರಡನೇ ಮದುವೆ. ಮೊದಲನೆಯವಳ ಜೊತೆ "ಹೊಂದಾಣಿಕೆ ಆಗಲಿಲ್ಲ", ಅಷ್ಟೇ ಹೇಳಿದ. ಮೆತ್ತಗಿನ ಮಾತು. ಅತ್ತೆಯ ಮಂಡಿ ನೋವಿಗೆ ಯಾವ ಮುಲಾಮು ಹಚ್ಚುತ್ತೀರಿ ಎಂದು ಕೂಡ ವಿಚಾರಿಸಿದ. ನಾದಿನಿ ಮುಖ ಕೆಂಪು ಮಾಡಿಕೊಂಡು ಕೂತಿದ್ದಳು. ಅವಳನ್ನು ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ.

ಅವನು ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ನಿಮ್ಮ ಆಫೀಸಲ್ಲಿ ಎಲ್ಲಾ ಇರುತ್ತಂತಲ್ಲ. ಒಂದ್ಸಲ ಅವನ ಹೆಸರು ಹಾಕಿ ನೋಡಮ್ಮ."

"ಹಾಗೆಲ್ಲಾ ನೋಡೋ ಹಾಗಿಲ್ಲ ಅತ್ತೆ. ಕೆಲಸ ಹೋಗುತ್ತೆ."

"ಯಾರಿಗೆ ಗೊತ್ತಾಗುತ್ತೆ? ನಿನ್ನ ಒಡಹುಟ್ಟಿದವಳಾಗಿದ್ರೆ ನೋಡ್ತಿರಲಿಲ್ವಾ?"



ಮಾರ್ಚ್ 11, ಮಧ್ಯಾಹ್ನ

ನೋಡಿದೆ.

ಒಂದೇ ಫೈಲು. ಮೇಲೆ ಕೆಂಪು ಪಟ್ಟಿ — ಗೋಪ್ಯ, ಗಂಡನಿಗೆ ತಿಳಿಸಿಲ್ಲ. ಮೊದಲ ಹೆಂಡತಿ ಬರೆದುಕೊಟ್ಟದ್ದು. ಕ್ರಮ ಬೇಡ, ದಾಖಲೆಯಲ್ಲಿದ್ದರೆ ಸಾಕು, ನಾನು ಇಲ್ಲಿಗೆ ಬಂದಿದ್ದೆನೆಂದು ಅವರಿಗೆ ಯಾವತ್ತೂ ಗೊತ್ತಾಗಬಾರದು ಎಂದು ಕೊನೆಯ ಸಾಲು.

ಹೊಡೆಯುತ್ತಿರಲಿಲ್ಲವಂತೆ. ಕನ್ನಡಕ ಇಲ್ಲದಿದ್ದರೆ ಆಕೆಗೆ ತನ್ನ ಕೈಯೇ ಮಸುಕು. ಸಿಟ್ಟು ಬಂದಾಗ ಅದನ್ನು ಬಚ್ಚಿಡುತ್ತಿದ್ದ. ಒಮ್ಮೊಮ್ಮೆ ದಿನಗಟ್ಟಲೆ. ಆಕೆ ಗೋಡೆ ತಡವಿಕೊಂಡು ಓಡಾಡುವುದನ್ನು ಕೂತು ನೋಡುತ್ತಿದ್ದ. ಸ್ಟೂಲನ್ನು ಸದ್ದಿಲ್ಲದೆ ದಾರಿಗೆ ಸರಿಸುತ್ತಿದ್ದ. ಕುದಿಯುವ ಪಾತ್ರೆಯನ್ನು ಒಲೆಯ ಅಂಚಿಗೆ ತರುತ್ತಿದ್ದ. "ಲೈಟ್ ಹಾಕ್ಲಾ?" ಎಂದು ಕೇಳುತ್ತಿದ್ದ, ಮೆತ್ತಗೆ. ಮೆತ್ತಗೆ ಎನ್ನುವ ಪದ ಆಕೆಯದೇ.

ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದೆ.

ಅದೇ ದಿನ, ಸಂಜೆ

ಇವರಿಗೂ ಅತ್ತೆಗೂ ಹೇಳಿದೆ. "ಎಲ್ಲೂ ಬಾಯಿ ಬಿಡಬೇಡಿ. ವಯಸ್ಸಿನ ಅಂತರ ಜಾಸ್ತಿ ಆಯ್ತು, ಬೇಡ ಅಂದುಬಿಡಿ ಸಾಕು." ಅತ್ತೆ ನನ್ನ ಕೈ ಹಿಡಿದುಕೊಂಡು ಅತ್ತರು. ನೀನು ಈ ಮನೆಗೆ ಬಂದದ್ದು ನಮ್ಮ ಪುಣ್ಯ ಎಂದರು. ಬರೆದಿಟ್ಟುಕೊಳ್ಳುತ್ತೇನೆ. ಇನ್ನೊಂದು ಸಲ ಕೇಳಲು ಸಿಗುವ ಮಾತಲ್ಲ.

ಮಾರ್ಚ್ 16

ಬಾಯಿ ಬಿಟ್ಟೇಬಿಟ್ಟರು.

ಕಾರಣ ಹೇಳದೆ ಬೇಡ ಅಂದರೆ ನಾನು ಕೇಳುವವಳಲ್ಲ ಎಂದು ನಾದಿನಿ ಹಟ ಹಿಡಿದಳಂತೆ. ಅತ್ತೆ ನೇರವಾಗಿ ಅವನನ್ನೇ ಕರೆಸಿದ್ದಾರೆ. ನಾನು ಮಾರ್ಕೆಟ್‌ನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವರು ಪೇಪರ್ ಹಿಡಿದುಕೊಂಡು ಕೂತಿದ್ದರು.

"ಅಮ್ಮ ಕೇಳೇಬಿಟ್ಟಳು ಕಣೇ. ಮೊದಲನೆಯವಳ ಕನ್ನಡಕ ಬಚ್ಚಿಡ್ತಿದ್ರಂತೆ, ನಿಜಾನಾ ಅಂತ."

"ಅವನೇನಂದ?"

"ನಕ್ಕ. ಅದು ನಾವಿಬ್ಬರು ಆಡ್ತಿದ್ದ ತಮಾಷೆ, ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂದ. ಹಾಗಾದ್ರೆ ಅವಳು ಎಲ್ಲೋ ಹೇಳ್ಕೊಂಡಿದಾಳೆ ಅಂದ."

"ನೀವು ಸುಮ್ನೆ ಕೂತಿದ್ರಾ?"

"ನಾನೇನು ಹೇಳಲಿ. ಕಾಫಿ ಕುಡಿದು ಹೋದ."

ನಾದಿನಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಏಪ್ರಿಲ್ 2

ಆಕೆ ಬಂದಿದ್ದಳು. ಮೊದಲ ಹೆಂಡತಿ. ಮೇಡಂ ನನ್ನ ಮೇಜಿಗೇ ಕಳಿಸಿದರು, ಇವರ ದೂರು ಟೈಪ್ ಮಾಡಿಕೊಡಿ ಎಂದು. ದಪ್ಪ ಗಾಜು, ಕಡ್ಡಿಗಳಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾಳೆ. ಹೆಸರು ಹೇಳುವ ಮೊದಲೇ ಗೊತ್ತಾಯಿತು.

"ನಿಧಾನಕ್ಕೆ ಮಾಡಿ. ಅವಸರ ಇಲ್ಲ. ತಪ್ಪಾಗಬಾರದು ಅಷ್ಟೆ."

ಆಕೆ ಹೇಳಿದಳು, ನಾನು ಟೈಪ್ ಮಾಡಿದೆ. ಔಷಧಿ ಅಂಗಡಿಯಲ್ಲಿ ಕೆಲಸ. ಬಿಟ್ಟು ಬಂದ ಮೇಲೆ ಅವನ ಮುಖ ನೋಡಿರಲಿಲ್ಲ. ಹೋದ ವಾರ ಅಂಗಡಿಗೆ ಬಂದ. ಗಿರಾಕಿಗಳ ಸಾಲಿನಲ್ಲಿ ನಿಂತು, ಸರದಿ ಬಂದಾಗ ಕೌಂಟರ್ ಮೇಲೆ ಹೊಸ ಕನ್ನಡಕ ಇಟ್ಟ. ಆಕೆಯ ನಂಬರಿನದೇ. ಕಳೆದುಹೋದರೆ ಇರಲಿ ಅಂತ ತಂದೆ, ಬಚ್ಚಿಡ್ತಿದ್ದೆ ಅಂತ ಎಲ್ಲೋ ಹೇಳಿಕೊಂಡು ಬಂದಿದ್ದೀಯಂತಲ್ಲ ಎಂದ. ಮರುದಿನ ಇನ್ನೊಂದು, ಮನೆಯ ಬಾಗಿಲ ಹಿಡಿಗೆ ಸಿಕ್ಕಿಸಿತ್ತು. ಹಿಂದೆಯೇ ಬಂದು ಮನೆ ನೋಡಿಕೊಂಡಿರಬೇಕು.

"ಕನ್ನಡಕದ ಮಾತನ್ನ ನಮ್ಮಮ್ಮನಿಗೂ ಹೇಳಿಲ್ಲ ನಾನು. ನಾಚಿಕೆ ಆಗ್ತಿತ್ತು. ಇಲ್ಲಿ ಮಾತ್ರ ಬರೆದುಕೊಟ್ಟಿದ್ದು. ಹಾಗೇ ಹಾಕಿ — ಇಲ್ಲಿ ಮಾತ್ರ ಅಂತ."

ಹಾಕಿದೆ. ಪ್ರಿಂಟ್ ಕೊಟ್ಟೆ. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಸಾಲು ಸಾಲಾಗಿ ಓದಿದಳು. ಥ್ಯಾಂಕ್ಸ್ ಹೇಳಿದಳು. ನನಗೆ.

ಹೇಳಿಬಿಡೋಣ ಎಂದು ಬಾಯಿ ತೆರೆದೆ. "ಸಹಿ ಇಲ್ಲಿ" ಎಂದೆ.

ಏಪ್ರಿಲ್ 10

ವಿಚಾರಣೆಗೆ ಮೇಲಿನಿಂದ ಒಬ್ಬ ಅಧಿಕಾರಿ ಬಂದಿದ್ದಾರೆ. ನಮ್ಮನ್ನೆಲ್ಲ ಹಾಲಿನ ಒಂದು ಕಡೆ ಕೂರಿಸಿದರು. ಮೇಡಂ ಕಣ್ಣೊರೆಸಿಕೊಂಡರು. "ಈ ಕಾಂಟ್ರಾಕ್ಟ್ ಜನರನ್ನ ನಂಬೋಕಾಗಲ್ಲ ಸರ್. ನನ್ನ ಪಾಸ್‌ವರ್ಡ್ ಕದ್ದಿದಾರೆ." ಕೂಗಿ ಹೇಳಿದ್ದನ್ನು ಕದಿಯುವುದು ಹೇಗೋ.

ಅಧಿಕಾರಿಯಿದ್ದ ಕೋಣೆಯ ಒಳಗೆ ಹೋದೆ.

"ನಾನೇ ಸರ್ ನೋಡಿದ್ದು. ಮನೆಯವರಿಗೆ ಹೇಳಿದ್ದೂ ನಾನೇ. ಪಾಸ್‌ವರ್ಡ್ ಮೇಡಮ್ಮೇ ಕೊಟ್ಟಿದ್ರು, ಎಲ್ಲರಿಗೂ."

ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. "ಮೊದಲನೇದು ನಿಮ್ಮ ವಿಷಯ, ಬರೆದುಕೊಡಿ. ಕೊನೇದು ಯಾಕೆ ಬೇಕು ನಿಮಗೆ?"

"ನಿಜ ಅಲ್ವಾ ಸರ್?"

"ಬರೆದರೆ ಎರಡೂ ನಿಜ ಆಗಿಬಿಡುತ್ತಮ್ಮ. ಆಮೇಲೆ ಇಲಾಖೆ ಮೇಲೇ ಬರುತ್ತೆ. ಹೋಗಿ, ಕೂತ್ಕೊಳಿ."

ನನ್ನ ಹೇಳಿಕೆ ತೆಗೆದುಕೊಳ್ಳಲೇ ಇಲ್ಲ.

ಏಪ್ರಿಲ್ 14

ಕಾಂಟ್ರಾಕ್ಟಿನ ನಮ್ಮೆಲ್ಲರನ್ನೂ ತೆಗೆದರು. ಯಾರು ಮಾಡಿದ್ದು ಎಂಬ ಪ್ರಶ್ನೆಯೇ ಇಲ್ಲ. ಏಜೆನ್ಸಿಯವನು ಗೇಟಿನಲ್ಲೇ ಗುರುತಿನ ಚೀಟಿ ಕಿತ್ತುಕೊಂಡ. ಮೇಡಂ ಅಲ್ಲೇ ಇದ್ದಾರೆ. ಮೊದಲ ಹೆಂಡತಿಯ ದೂರಿಗೆ ಉತ್ತರವೂ ಹೋಯಿತಂತೆ: ಸಂಬಂಧಪಟ್ಟ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗಿದೆ. ಅವನ ಮೇಲೆ ಏನೂ ಇಲ್ಲ. ಕನ್ನಡಕ ಕೊಡುವುದು ಅಪರಾಧವೇ?

ಮೆಟ್ಟಿಲಲ್ಲಿ ರೇಡಿಯೋ ಕೂತಿದ್ದಳು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಪಕ್ಕದಲ್ಲಿ ಕೂರಲು ಹೋದೆ.

"ನಿನ್ನ ನಾದಿನಿ ಸಂಬಂಧಕ್ಕೆ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದೆಯಲ್ಲೇ" ಎಂದು ಎದ್ದು ಹೋದಳು. ಹಲ್ಲಿನ ಡಾಕ್ಟರ ವಿಷಯ ನೆನಪಿಸಬಹುದಿತ್ತು. ಮನಸ್ಸಾಗಲಿಲ್ಲ.

ಏಪ್ರಿಲ್ 27

ಔಷಧಿ ಅಂಗಡಿಗೆ ಹೋಗಿದ್ದೆ. ಬೈದರೆ ಬೈಯಲಿ, ಮುಖಕ್ಕೆ ಉಗಿದರೆ ಉಗಿಯಲಿ, ಹೇಳಿಯೇ ಬಿಡಬೇಕೆಂದು.

"ಅವರಾ? ಕೆಲಸ ಬಿಟ್ರು. ಊರೂ ಬಿಟ್ರಂತೆ" ಎಂದರು ಅಂಗಡಿಯವರು. "ವಿಳಾಸ ಕೊಟ್ಟಿಲ್ಲ. ಒಳ್ಳೇದೇ ಆಯ್ತು. ದಿನಾ ಯಾರೋ ಬಂದು ಕೇಳ್ತಿರ್ತಾರೆ."

ಅಂಗಡಿಯವರ ಕಣ್ಣಿಗೆ ನಾನೂ ಆ ಯಾರೋ.

ಮೇ 18

ಮದುವೆ ಆಯಿತು. ಅವನ ಜೊತೆಗೇ. ಏನನ್ನೂ ಮುಚ್ಚಿಡಲಿಲ್ಲ, ತಮಾಷೆ ಮಾಡುತ್ತಿದ್ದೆ ಎಂದು ಒಪ್ಪಿಕೊಂಡನಲ್ಲ, ಅದೇ ದೊಡ್ಡ ಗುಣವಾಗಿ ಕಂಡಿತು ಮನೆಯವರಿಗೆಲ್ಲ. ನಾನು ಆಗದು ಎಂದು ಕೂಗಾಡಿದೆ. ಅತ್ತೆ ನೆಂಟರ ಎದುರೇ ಹೇಳಿದರು, "ಕಂಡವರ ಕಾಗದ ಓದಿ ಕೆಲಸ ಕಳ್ಕೊಂಡೋಳು ನಮಗೆ ಬುದ್ಧಿ ಹೇಳ್ತಾಳೆ. ಇವಳಿಗೆ ಓದು ಅಂದೋರು ಯಾರು?"

ಇವರ ಕಡೆ ನೋಡಿದೆ. ಇವರು ನೆಲ ನೋಡಿದರು.

ಫೋಟೋಕ್ಕೆ ನಿಲ್ಲಲಿಲ್ಲ. ಯಾರೂ ಕರೆಯಲೂ ಇಲ್ಲ.

ಸೆಪ್ಟೆಂಬರ್ 6, ಮಧ್ಯಾಹ್ನ

ನಾದಿನಿ ಫೋನ್ ಮಾಡಿದ್ದಳು. ಮದುವೆಯಾದ ಮೇಲೆ ಮೊದಲ ಸಲ ನನಗೆ.

"ಅತ್ತಿಗೆ, ಹತ್ತಿರ ಯಾರಾದ್ರೂ ಇದಾರಾ?"

"ಇಲ್ಲ. ಹೇಳು."

ಅವಳು ದನಿ ತಗ್ಗಿಸಿದಳು.

"ನಿಮ್ಮ ಹಳೇ ಆಫೀಸಲ್ಲಿ… ಅಲ್ಲಿ ಬರೆದುಕೊಟ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?"

ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದೆ.

"ನೀವು ಹೇಳಿದ್ರೆ ನಂಬ್ತೀನಿ ಅತ್ತಿಗೆ."

"ಎಲ್ಲೂ ಏನೂ ಬರೀಬೇಡ. ಬಾಗಿಲು ಹಾಕ್ಕೊಂಡು ಕೂತಿರು, ನಾನೇ ಬರ್ತೀನಿ" ಎಂದೆ. ಅತ್ತ ಕಡೆ ಯಾರೋ ಮಾತಾಡಿದ್ದು ಕೇಳಿಸಿತು, ಮೆತ್ತಗೆ. ಫೋನ್ ಕಟ್ಟಾಯಿತು.

ಟ್ಯಾಕ್ಸಿಗೆ ಹೇಳಿದ್ದೇನೆ, ಇನ್ನೂ ಬಂದಿಲ್ಲ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ — ಎಲ್ಲಿಗೆ, ಯಾಕೆ, ಯಾರ ಫೋನು. ಈ ಸಲ ಒಂದು ಮಾತೂ ಹೇಳುವುದಿಲ್ಲ. ಅವಳ ಮನೆ ಮೂರನೇ ಮಹಡಿ, ಲಿಫ್ಟ್ ಎದುರಿಗೇ, ನಂಬರು — ಇಲ್ಲ, ಅದನ್ನು ಇಲ್ಲೂ ಬರೆಯುವುದಿಲ್ಲ.